ಸುವಾರ್ತೆ ಯಾರ ಹೊಣೆ? ಊರಿನ ಸಭೆ ಮತ್ತು ಮಿಷನ್ ಕುರಿತ ದೊಡ್ಡ ವಾದ

ಯಾವುದಾದರೂ ಪ್ರೊಟೆಸ್ಟೆಂಟ್ ಸಭೆಯ ವಾರ್ಷಿಕ ಮಹಾಸಭೆಗೆ ಹೋಗಿ ಕೂತರೆ ಲೆಕ್ಕಪತ್ರದ ಹಾಳೆ ಕೈಗೆ ಬರುತ್ತದೆ. ಆದಾಯದ ಕಡೆ ಭಾನುವಾರದ ಕಾಣಿಕೆ, ಬೆಳೆ ಹಬ್ಬದ ಏಲಂನಲ್ಲಿ ಬಂದ ಹಣ, ಮದುವೆ ನಾಮಕರಣಗಳ ಕೃತಜ್ಞತಾ ಕಾಣಿಕೆ, ಹಾಲಿನ ಬಾಡಿಗೆ. ಖರ್ಚಿನ ಕಡೆ ಸಭಾಪಾಲಕರ ಸಂಬಳ, ಸಭಾಪ್ರಾಂತಕ್ಕೆ ಕಟ್ಟಬೇಕಾದ ಪಾಲು, ಕರೆಂಟ್ ಬಿಲ್ಲು, ಸುಣ್ಣಬಣ್ಣ, ಕಾಂಪೌಂಡ್ ರಿಪೇರಿ. ಇವೆಲ್ಲದರ ಕೆಳಗೆ ಎಲ್ಲೋ ಒಂದು ಸಾಲು: ಸುವಾರ್ತಾ ಸೇವೆ. ಈ ಮೊತ್ತ ಹೆಚ್ಚಬೇಕು ಎಂದು ಒಬ್ಬರು ಎದ್ದು ನಿಲ್ಲುತ್ತಾರೆ. ಮೊದಲು ಸೋರುತ್ತಿರುವ ಮಾಡು ನೋಡಿ, ಆಮೇಲೆ ಊರು ಸುತ್ತೋಣ ಎಂದು ಇನ್ನೊಬ್ಬರು ಕೂತಲ್ಲಿಂದಲೇ ಹೇಳುತ್ತಾರೆ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಐದು ನಿಮಿಷದ ಈ ಜಗಳದ ಹಿಂದೆ ಕ್ರೈಸ್ತ ಲೋಕದ ಹಳೆಯ ಪ್ರಶ್ನೆಯೊಂದಿದೆ. ಸಭೆ ಇರುವುದು ತನ್ನ ಸದಸ್ಯರಿಗಾಗಿಯೋ, ಹೊರಗಿನವರಿಗಾಗಿಯೋ? ಹೊರಗೆ ಹೋಗುವ ಕೆಲಸ ಊರಿನ ಸಭೆಯದೋ, ಅದಕ್ಕೆಂದೇ ಹುಟ್ಟಿದ ಮಿಷನ್ ಸಂಸ್ಥೆಗಳದೋ? ಹೊರಗೆ ಹೋದವರು ಮಾಡಬೇಕಾದ್ದು ಸಾರುವುದೋ, ಸೇವೆಯೋ, ಸಂವಾದವೋ? ಭಾರತದಂಥ ದೇಶದಲ್ಲಿ ಇದಕ್ಕೆ ಇನ್ನೂ ಒಂದು ಸೇರುತ್ತದೆ: ಪಕ್ಕದ ಮನೆಯ ಹಿಂದೂ ಅಥವಾ ಮುಸ್ಲಿಂ ನೆರೆಯವರು ಇದನ್ನು ಹೇಗೆ ನೋಡುತ್ತಾರೆ? ಸ್ಥಳೀಯ ಸಭೆಗಳು ಸುವಾರ್ತೆಗೆ ಒತ್ತು ಕೊಡಬೇಕು ಎನ್ನುವವರೆಲ್ಲರೂ ಒಂದೇ ಕಾರಣಕ್ಕೆ ಹಾಗೆನ್ನುವುದಿಲ್ಲ. ಅವರವರ ಕಾರಣಗಳು ಒಂದನ್ನೊಂದು ಹೊಡೆಯುವುದೂ ಉಂಟು.

ಅಂತಿಯೋಕ್ಯದ ಸಭೆಯಿಂದ ಕೇರಿಯ ಕರಪತ್ರದವರೆಗೆ

ಎಲ್ಲ ಪಕ್ಷದವರೂ ತೆರೆಯುವ ಪುಟ ಒಂದೇ, ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯ. ಅಂತಿಯೋಕ್ಯದ ಸಭೆ ಉಪವಾಸವಿದ್ದು ಪ್ರಾರ್ಥಿಸಿ, ತನ್ನ ಬೋಧಕರಲ್ಲೇ ಇಬ್ಬರನ್ನು, ಬಾರ್ನಬ ಮತ್ತು (ಮುಂದೆ ಪೌಲನೆನಿಸಿದ) ಸೌಲರನ್ನು, ಪರವೂರಿಗೆ ಕಳಿಸಿಕೊಡುತ್ತದೆ. ಕಳಿಸಿದ್ದು ಊರಿನ ಸಭೆ ಎಂದು ಒಂದು ಪಕ್ಷ ಬೊಟ್ಟು ಮಾಡುತ್ತದೆ. ಹೋದ ತಂಡ ಆಮೇಲೆ ತನ್ನ ದಾರಿ, ತನ್ನ ಸಂಗಡಿಗರು, ತನ್ನ ಖರ್ಚು ಎಲ್ಲವನ್ನೂ ತಾನೇ ನೋಡಿಕೊಂಡಿತಲ್ಲ ಎಂದು ಇನ್ನೊಂದು ಪಕ್ಷ ಕೇಳುತ್ತದೆ.

ಕೆಥೋಲಿಕ ಪರಂಪರೆಯಲ್ಲಿ ಈ ಗೊಂದಲ ಹೆಚ್ಚು ಕಾಲ ಇರಲಿಲ್ಲ. ಊರಿನ ಚರ್ಚು ಬಿಷಪರ ಕೈಕೆಳಗೆ, ದೂರದ ಕೆಲಸ ಸನ್ಯಾಸಿ ಸಂಘಗಳ ಪಾಲಿಗೆ ಎಂದು ಕೆಲಸ ಹಂಚಿಹೋಗಿತ್ತು. 1540ರಲ್ಲಿ ಮನ್ನಣೆ ಪಡೆದ ಜೆಸ್ವಿತ್ ಸಂಘ ಲೋಕವೆಲ್ಲ ತಿರುಗಿತು. 17ನೇ ಶತಮಾನದ ನಡುವಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತದ್ದು ಈ ವ್ಯವಸ್ಥೆಯಿಂದಲೇ. ಎಲ್ಲ ಮಿಷನ್ ಕೆಲಸಕ್ಕೆ ರೋಮಿನಿಂದ ಒಂದು ಕಣ್ಣು ಇರಲೆಂದು 1622ರಲ್ಲಿ ಪ್ರೊಪಗಾಂಡಾ ಫೀದೆ ಎಂಬ ಆಡಳಿತ ವಿಭಾಗವೂ ಬಂತು.

ಪ್ರೊಟೆಸ್ಟೆಂಟರು ಸನ್ಯಾಸಿ ಸಂಘಗಳನ್ನು ತೆಗೆದುಹಾಕಿದರು. ಅವುಗಳ ಜಾಗದಲ್ಲಿ ಬೇರೇನನ್ನೂ ಇಡಲಿಲ್ಲ. ಲೋಕದ ಕಡೆವರೆಗೆ ಹೋಗಿರೆಂಬ ಯೇಸುವಿನ ಆಜ್ಞೆ ಅಪೊಸ್ತಲರ ಕಾಲಕ್ಕೇ ಮುಗಿಯಿತು ಎಂದು ನಂಬಿದ ಪಂಡಿತರು ಅವರಲ್ಲಿ ಬಹಳ ಮಂದಿ. ಇದಕ್ಕೆ ದೊಡ್ಡ ಅಪವಾದ ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯ ಮೊರಾವಿಯನ್ ಸಭೆ. ಕೆಲವೇ ನೂರು ಜನರಿದ್ದ ಆ ಸಭೆ 1732ರಿಂದ ತನ್ನ ಕುಂಬಾರರನ್ನೂ ಬಡಗಿಗಳನ್ನೂ ಕೆರಿಬಿಯನ್ ದ್ವೀಪಗಳಿಗೆ, ಗ್ರೀನ್‌ಲ್ಯಾಂಡಿಗೆ ಕಳಿಸತೊಡಗಿತು. ಅಲ್ಲಿ ಸಭೆ ಬೇರೆ ಮಿಷನ್ ಬೇರೆ ಎಂಬುದೇ ಇರಲಿಲ್ಲ.

1792ರಲ್ಲಿ ವಿಲಿಯಂ ಕೇರಿ, ಆಗ ಚಪ್ಪಲಿ ಹೊಲಿಯುತ್ತ ಪಾಠ ಹೇಳುತ್ತ ಸಣ್ಣದೊಂದು ಸಭೆಯನ್ನು ನಡೆಸಿದ್ದ ಮನುಷ್ಯ, ಆ ಆಜ್ಞೆ ಇನ್ನೂ ಜಾರಿಯಲ್ಲಿದೆ ಎಂದು ಒಂದು ಕಿರುಹೊತ್ತಗೆ ಬರೆದರು. ದೇಶದೇಶಗಳ ಜನಸಂಖ್ಯೆಯ ಪಟ್ಟಿಗಳೂ ಅದರಲ್ಲಿದ್ದವು. ಆದರೆ ಕೆಲಸಕ್ಕೆ ಅವರು ಸೂಚಿಸಿದ ಉಪಾಯ ವ್ಯಾಪಾರಿ ಕಂಪನಿಯ ಮಾದರಿಯದು: ಆಸಕ್ತಿಯಿರುವವರು ಚಂದಾ ಕಟ್ಟಿ ಒಂದು ಸಂಘ ಮಾಡಿಕೊಳ್ಳುವುದು. ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹಾಗೆ ಹುಟ್ಟಿತು. ಅದರ ಬೆನ್ನಿಗೆ ಲಂಡನ್ ಮಿಷನ್, ಚರ್ಚ್ ಮಿಷನರಿ ಸೊಸೈಟಿ, ಬಾಸೆಲ್ ಮಿಷನ್ ಬಂದವು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕೂತದ್ದು ಇಂಥ ಚಂದಾ ಸಂಘವೊಂದರ ಬಲದಿಂದ.

ಸಂಘಗಳ ಈ ದಾರಿ ಫಲ ಕೊಟ್ಟಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಡ್ಡಪರಿಣಾಮ ಆಗಲೇ ಕಂಡವರಿದ್ದರು. 1832ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಬ್ಲ್ಯಾಕ್ ರಾಕ್ ಎಂಬಲ್ಲಿ ಸೇರಿದ ಒಂದಷ್ಟು ಬ್ಯಾಪ್ಟಿಸ್ಟರು, ಇಂಥ ಸಂಘಗಳಿಗೆ ಬೈಬಲಿನಲ್ಲಿ ಆಧಾರವಿಲ್ಲ ಎಂದು ಅವುಗಳಿಂದ ದೂರ ಸರಿದರು. ಅವರನ್ನು ಮಿಷನ್ ವಿರೋಧಿಗಳೆಂದು ಕರೆದು ಮರೆತುಬಿಡುವುದು ರೂಢಿ. ಆದರೆ ಚಂದಾ ಸಂಘಗಳ ಬಗ್ಗೆ ಒಂದು ಆತಂಕ ಇಂದಿಗೂ ಉಳಿದಿದೆ: ಚಂದಾ ಕೊಟ್ಟ ಸಭಿಕ ತನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ.

ಮಂಗಳೂರು: ಆಸರೆಯೂ ಕಟ್ಟೂ

ನಮ್ಮ ಕರಾವಳಿಯ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕನ್ನಡಿಗರಿಗೆ ಬಾಯಿಪಾಠ. ಅಷ್ಟಾಗಿ ಮಾತಿಗೆ ಬರದ ಸಂಗತಿ ಇನ್ನೊಂದಿದೆ.

ದೀಕ್ಷಾಸ್ನಾನ ಪಡೆದವರು ಮನೆ ಕಳೆದುಕೊಳ್ಳುತ್ತಿದ್ದರು, ಗೇಣಿ ಜಮೀನು ಕಳೆದುಕೊಳ್ಳುತ್ತಿದ್ದರು. ಕರಾವಳಿಯಲ್ಲಿ ಸಭೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರ ಕುಲಕಸುಬಾದ ಶೇಂದಿ ಇಳಿಸುವುದು ಮಿಷನ್ನಿಗೆ ಒಪ್ಪಿಗೆಯಾಗದ ಕೆಲಸ. ಹಾಗಾದರೆ ಹೊಟ್ಟೆಪಾಡು? 1850ರ ದಶಕದಲ್ಲಿ ಮಗ್ಗಗಳು ಬಂದವು. 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ ಹಂಚು ಸುಟ್ಟರು. ಮಂಗಳೂರು ಹಂಚಿನ ಹೆಸರು ದೂರದ ದೇಶಗಳಿಗೂ ಹೋಯಿತು. ಕಾರ್ಖಾನೆಯಲ್ಲಿ ಕೆಲಸ, ಮಿಷನ್ ಹಿತ್ತಿಲಲ್ಲಿ ಮನೆ, ಮಿಷನ್ ಶಾಲೆಯಲ್ಲಿ ಮಕ್ಕಳಿಗೆ ಓದು, ಭಾನುವಾರ ಮಿಷನ್ ಕಟ್ಟಿಸಿದ ಗುಡಿಯಲ್ಲಿ ಆರಾಧನೆ.

ಇದು ಕರುಣೆಯ ಕೆಲಸವೇ, ಸಂಶಯವಿಲ್ಲ. ಆದರೆ ಇದರೊಳಗೆ ಒಂದು ಕಟ್ಟೂ ಇತ್ತು. ಸಂಬಳ ಕೊಡುವವರು, ಮನೆ ಕೊಟ್ಟವರು, ಶಾಲೆ ನಡೆಸುವವರು, ಪ್ರಭುಭೋಜನ ಬಡಿಸುವವರು ಎಲ್ಲರೂ ಒಂದೇ ಸಂಸ್ಥೆಯವರಾದರೆ ಆ ಸಭೆ ಎದ್ದು ನಿಂತು ತನ್ನ ಮಾತು ಆಡುವುದು ಹೇಗೆ? ಹೊರಗೆ ಹೋಗಿ ಸಾರುವುದು ಮಿಷನರಿ ದೊರೆಗಳ ಕೆಲಸ, ನಮ್ಮದು ಒಳ್ಳೆಯ ಸಭಿಕರಾಗಿರುವುದು ಎಂಬ ಭಾವ ಬೇರೂರಿದ್ದು ಹೀಗೆ. ಬಿಸಿಲಲ್ಲಿ ಊರೂರು ನಡೆದವರು ಹೆಚ್ಚಾಗಿ ಕಡಿಮೆ ಸಂಬಳದ ಉಪದೇಶಿಗಳು, ಮನೆಮನೆಗೆ ಹೋಗುತ್ತಿದ್ದ ಬೈಬಲ್ ಹೆಂಗಸರು. ಮಿಷನ್ ಚರಿತ್ರೆಗಳಲ್ಲಿ ದೊರೆಗಳ ಭಾವಚಿತ್ರವಿದೆ, ಇವರದು ಅಪರೂಪ. 1844ರಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ಓದಿ ಬಂದು ಮಿಷನರಿಯೆಂಬ ಸ್ಥಾನವನ್ನೇ ಪಡೆದರು. ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದ ಹೊಸ ಕ್ರೈಸ್ತರ ಊರು ಎದ್ದದ್ದು ಅವರ ಹೆಸರಿನೊಂದಿಗೆ. ಅಂಥವರು ಬೆರಳೆಣಿಕೆ.

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶಿಬಿರಗಳಿಗೆ ಹಾಕಿತು, ಆಮೇಲೆ ದೇಶದಿಂದ ಕಳಿಸಿತು. ಹಂಚಿನ, ನೇಯ್ಗೆಯ ಉದ್ಯಮ ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾಯಿತು. ಎಂಬತ್ತು ವರ್ಷಗಳ ಆಸರೆ ಕೆಲವೇ ವರ್ಷಗಳಲ್ಲಿ ಕಳಚಿತು. ಸಭೆಗಳು ಸಾಯಲಿಲ್ಲ. ಊರಿನ ಸಭಾಪಾಲಕರು, ಹಿರಿಯರು ಹೊಣೆ ಹೊತ್ತರು. ಅದಕ್ಕೆ ಮೊದಲೇ ಆ ಹೊಣೆ ಅವರ ಕೈಗೆ ಬರಬೇಕಿತ್ತು ಎನ್ನುವವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತನ್ನ ಕಾಲ ಮೇಲೆ ನಿಲ್ಲುವ ಸಭೆ

ಹೊಣೆ ಊರಿನವರ ಕೈಗೇ ಬರಬೇಕೆಂಬ ಆ ವಾದ ಲಂಡನ್ನಿನಲ್ಲಿ, ಬಾಸ್ಟನ್ನಿನಲ್ಲಿ ಕಚೇರಿ ನಡೆಸುತ್ತಿದ್ದ ಇಬ್ಬರು ಕಾರ್ಯದರ್ಶಿಗಳದು. ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ವೆನ್, ಅಮೆರಿಕನ್ ಬೋರ್ಡಿನ ರೂಫಸ್ ಆಂಡರ್ಸನ್ ಇಬ್ಬರೂ 19ನೇ ಶತಮಾನದ ನಡುವಿನಲ್ಲಿ ಹೆಚ್ಚುಕಡಿಮೆ ಒಂದೇ ಮಾತಿಗೆ ಬಂದರು: ಸಭೆ ತನ್ನ ಆಡಳಿತ ತಾನೇ ನಡೆಸಬೇಕು, ತನ್ನ ಖರ್ಚು ತಾನೇ ಹೊರಬೇಕು, ತಾನೇ ಹೊರಗೆ ಹಬ್ಬಬೇಕು. ಮಿಷನ್ ಕೊನೆಗೆ ತಾನಾಗಿಯೇ ಇಲ್ಲವಾಗಬೇಕು ಎಂಬ ಮಟ್ಟಿಗೆ ವೆನ್ ಹೋದರು. ಆದರೆ ಮೂರರಲ್ಲಿ ಯಾವುದು ಮೊದಲು ಎಂಬಲ್ಲಿ ಮಿಷನ್‌ಗಳು ಜಾಣತನ ಮಾಡಿದವು. ಮೊದಲು ಸ್ವಂತ ಖರ್ಚು ನಿಭಾಯಿಸಿ, ಆಮೇಲೆ ಆಡಳಿತ ಕೊಡುತ್ತೇವೆ ಎಂದವು. ಆ ‘ಆಮೇಲೆ’ ಬಹಳ ಊರುಗಳಲ್ಲಿ ಎರಡು ತಲೆಮಾರು ತಡವಾಯಿತು.

ಉತ್ತರ ಚೀನಾದಲ್ಲಿ ದುಡಿದು ಬಂದ ಆಂಗ್ಲಿಕನ್ ಪಾದ್ರಿ ರೋಲಂಡ್ ಆಲನ್ 1912ರಲ್ಲಿ ಬರೆದ ಪುಸ್ತಕ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಪೌಲನು ಸುಮಾರು ಹತ್ತು ವರ್ಷದಲ್ಲಿ ರೋಮನ್ ಸಾಮ್ರಾಜ್ಯದ ನಾಲ್ಕು ಪ್ರಾಂತಗಳಲ್ಲಿ ಸಭೆ ಕಟ್ಟಿ, ಅಲ್ಲಿಯವರನ್ನೇ ಹಿರಿಯರನ್ನಾಗಿ ನೇಮಿಸಿ, ಹಣ ಕೊಡದೆ ಮುಂದಿನ ಊರಿಗೆ ಹೋದ. ನಾವು ನೂರು ವರ್ಷ ಕೂತರೂ ಹಿಂದೆ ಸರಿಯಲು ಹೆದರುತ್ತೇವೆ, ಏಕೆ? ಆಲನ್ ಕೊಟ್ಟ ಉತ್ತರ ಸರಳ: ಹೊಸ ಕ್ರೈಸ್ತರನ್ನು ನಾವು ನಂಬುವುದಿಲ್ಲ. ನನಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ಚೂಪಾಗಿ ಕಾಣುವ ಮಾತು ಇದೇ. ಪೌಲನ ಕೇಳುಗರಲ್ಲಿ ಯೆಹೂದ್ಯ ಶಾಸ್ತ್ರ ಬಲ್ಲವರು ಮೊದಲೇ ಇದ್ದರು, ಆ ಅನುಕೂಲ ಎಲ್ಲೆಡೆ ಇರುವುದಿಲ್ಲ ಎಂಬ ಆಕ್ಷೇಪವೂ ಇದೆ, ಅದೂ ತಳ್ಳಿಹಾಕುವಂಥದಲ್ಲ.

ಭಾರತದಲ್ಲಿ ಇದನ್ನು ಮಾಡಿ ತೋರಿಸಿದವರು ವೇದನಾಯಗಂ ಸಾಮುವೆಲ್ ಅಜರಯ್ಯ. ತಿರುನೆಲ್ವೇಲಿಯ ಸಭೆಗಳವರೇ ಸೇರಿ 1903ರಲ್ಲಿ ಕಟ್ಟಿದ ಇಂಡಿಯನ್ ಮಿಷನರಿ ಸೊಸೈಟಿಯ ಮುಂದಾಳುಗಳಲ್ಲಿ ಅವರೊಬ್ಬರು. 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ಹುಟ್ಟಿದ ನ್ಯಾಷನಲ್ ಮಿಷನರಿ ಸೊಸೈಟಿಯ ಹಿಂದೆಯೂ ಅವರಿದ್ದರು. ಹಣ, ಜನ, ಆಡಳಿತ ಮೂರೂ ಭಾರತದ್ದೇ ಇರಬೇಕೆಂಬುದು ಅಲ್ಲಿನ ನಿಯಮ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಅವರು, ನೀವು ತ್ಯಾಗ ಮಾಡಿದ್ದೀರಿ, ಈಗ ನಮ್ಮೊಂದಿಗೆ ಸಮಾನರಾಗಿ ಗೆಳೆತನ ಮಾಡಿ ಎಂಬ ಅರ್ಥದ ಮಾತಾಡಿ ಬಿಳಿಯರ ಸಭೆಯನ್ನು ಮುಜುಗರಕ್ಕೆ ಕೆಡವಿದರು. 1912ರಲ್ಲಿ ದೋರ್ನಕಲ್ಲಿನ ಬಿಷಪರಾದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅಲ್ಲಿ ದೃಢೀಕರಣಕ್ಕೆ ಬಂದ ಮಾಲ, ಮಾದಿಗ ಕೇರಿಗಳ ಕೂಲಿಕಾರರಿಗೆ ತಮ್ಮ ಕೈಯನ್ನು ತಮ್ಮದೇ ತಲೆಯ ಮೇಲಿಟ್ಟುಕೊಂಡು, ಸುವಾರ್ತೆ ಸಾರದಿದ್ದರೆ ತಮಗೆ ಗತಿಯಿಲ್ಲವೆಂಬ ಪ್ರತಿಜ್ಞೆ ಮಾಡಿಸುತ್ತಿದ್ದರು. ಸಾರುವುದಕ್ಕೆ ಡಿಗ್ರಿ ಬೇಕಿಲ್ಲ, ಸಂಬಳ ಬೇಕಿಲ್ಲ, ದೀಕ್ಷಾಸ್ನಾನ ಪಡೆದಿದ್ದರೆ ಸಾಕು ಎಂಬುದು ಅಲ್ಲಿಯ ಪಾಠ.

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲೂ ಇಂಥದೇ ನಡೆಯಿತು. ಪುಣೆ ಬಳಿಯ ಕೇಡ್‌ಗಾಂವ್‌ನಲ್ಲಿ 1905ರ ಹೊತ್ತಿಗೆ ಎದ್ದ ಪ್ರಾರ್ಥನಾ ಉಜ್ಜೀವನದಲ್ಲಿ ಮುಂದೆ ನಿಂತವರು ಬರಗಾಲದಲ್ಲಿ ಅನಾಥರಾಗಿ ಬಂದ ಹುಡುಗಿಯರು, ಎಳೆವಯಸ್ಸಿನ ವಿಧವೆಯರು. ಊರುಗಳಿಗೆ ಹೋಗಿ ಸಾರಿದವರೂ ಅವರೇ. ಪೆಂಟೆಕೋಸ್ಟಲ್ ಸಭೆಗಳು ತಮ್ಮ ಚರಿತ್ರೆಯನ್ನು ಬರೆಯುವಾಗ ಕ್ಯಾಲಿಫೋರ್ನಿಯಾದ ಅಜೂಸಾ ಬೀದಿಯ ಉಜ್ಜೀವನವನ್ನು ಮೊದಲು ಹೇಳುವುದು ವಾಡಿಕೆ. ಮುಕ್ತಿಯ ಉಜ್ಜೀವನ ಅದಕ್ಕೂ ಒಂದು ವರ್ಷ ಮೊದಲಿನದು.

ಸಭೆಯೇ ಸಂದೇಶ

ಇನ್ನೊಂದು ಪಂಥದವರು ಪ್ರಶ್ನೆಯನ್ನೇ ಬೇರೆ ರೀತಿ ಇಟ್ಟರು. 1952ರಲ್ಲಿ ಜರ್ಮನಿಯ ವಿಲ್ಲಿಂಗನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಪರಿಷತ್ತಿನ ಸಭೆಯ ನಂತರ, ಮಿಷನ್ ಎಂಬುದು ಸಭೆ ಕೈಗೊಳ್ಳುವ ಕಾರ್ಯಕ್ರಮವಲ್ಲ, ದೇವರೇ ಲೋಕದಲ್ಲಿ ಮಾಡುತ್ತಿರುವ ಕೆಲಸ, ಸಭೆ ಅದರಲ್ಲಿ ಸೇರಿಕೊಳ್ಳುತ್ತದೆ ಎಂಬ ಚಿಂತನೆ ಬಲಗೊಂಡಿತು. ಚೀನಾದಿಂದ ಮಿಷನರಿಗಳು ಹೊರಬಿದ್ದಿದ್ದ ಕಾಲ ಅದು. ಹಳೆಯ ಆತ್ಮವಿಶ್ವಾಸ ಮುರಿದಿತ್ತು.

ಹಾಗಾದರೆ ಮಿಷನ್‌ಗೆಂದೇ ಬೇರೆ ಪರಿಷತ್ತು ಏಕೆ? 1961ರಲ್ಲಿ ಹೊಸದಿಲ್ಲಿಯಲ್ಲಿ ಆ ಪರಿಷತ್ತು ಚರ್ಚುಗಳ ವಿಶ್ವ ಮಂಡಳಿಯಲ್ಲಿ ಒಂದಾಯಿತು. ಆ ಕೂಡಿಕೆಯನ್ನು ನಡೆಸಿದವರು ಲೆಸ್ಲಿ ನ್ಯೂಬಿಗಿನ್. ಇವರು 1936ರಲ್ಲಿ ತಮಿಳುನಾಡಿಗೆ ಬಂದು, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಹುಟ್ಟಿದಾಗ ಅದರ ಮೊದಲ ಬಿಷಪರಲ್ಲಿ ಒಬ್ಬರಾದವರು. 1974ರಲ್ಲಿ ಮದ್ರಾಸ್ ಬಿಟ್ಟು ಇಂಗ್ಲೆಂಡಿಗೆ ಮರಳಿದಾಗ ಅವರಿಗೆ ತಮ್ಮ ದೇಶವೇ ಮಿಷನ್ ಕ್ಷೇತ್ರವಾಗಿ ಕಂಡಿತು. ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್‌ನಲ್ಲಿ, ಜೈಲಿನ ಎದುರಿಗಿದ್ದ ಸಣ್ಣ ಸಭೆಯೊಂದನ್ನು ವಯಸ್ಸಾದ ಮೇಲೆ ನೋಡಿಕೊಂಡರು. ಸುವಾರ್ತೆಯನ್ನು ಜನ ನಂಬುವಂತೆ ಮಾಡಬಲ್ಲ ಏಕೈಕ ವಿವರಣೆ ಅದನ್ನು ನಂಬಿ ಬಾಳುವ ಒಂದು ಊರಿನ ಸಭೆ ಎಂದು 1989ರ ಪುಸ್ತಕದಲ್ಲಿ ಬರೆದರು. ಟಿವಿಯೂ ಅಲ್ಲ, ದೊಡ್ಡ ಮೈದಾನದ ಕೂಟವೂ ಅಲ್ಲ. ಅಮೆರಿಕದ ಚಿಂತಕರು 90ರ ದಶಕದಲ್ಲಿ ಈ ಎಳೆಯನ್ನು ಹಿಡಿದು ಒಂದು ಚಳವಳಿಯನ್ನೇ ಮಾಡಿದರು.

ಇದರ ಅಪಾಯ ಇನ್ನೊಬ್ಬರು ಮುಂಚೆಯೇ ಹೇಳಿದ್ದರು: ಎಲ್ಲವೂ ಮಿಷನ್ ಆದರೆ ಯಾವುದೂ ಮಿಷನ್ ಅಲ್ಲ. ವರ್ಷಾನುಗಟ್ಟಲೆ ಕಾಂಪೌಂಡಿನ ಹೊರಗೆ ಹೆಜ್ಜೆಯಿಡದ ಸಭೆಯೂ ನಮ್ಮ ಬಾಳೇ ಸಾಕ್ಷಿ ಎಂದು ಹೇಳಿಕೊಂಡು ಸುಮ್ಮನಿರಬಹುದು. ರಾಲ್ಫ್ ವಿಂಟರ್ 1973ರಲ್ಲಿ ಮಂಡಿಸಿದ ಎರಡು ರಚನೆಗಳ ವಾದಕ್ಕೆ ಬಲ ಬರುವುದು ಇಲ್ಲಿ. ಎಳೆಮಕ್ಕಳಿಂದ ಮುದುಕರವರೆಗೆ ಎಲ್ಲರೂ ಇರುವ ಊರಿನ ಸಭೆ ಒಂದು, ಸಭೆಯ ಸದಸ್ಯತ್ವದ ಆಚೆಗೆ ಎರಡನೆಯ ನಿರ್ಧಾರ ಮಾಡಿ ಹೊರಟವರ ತಂಡ ಇನ್ನೊಂದು. ಎರಡೂ ಬೇಕು ಎಂದರು ಅವರು. 1950ರ ದಶಕದ ಕೊನೆಗೆ ತಮಿಳುನಾಡಿನ ಯುವಕರ ಪ್ರಾರ್ಥನಾ ಗುಂಪುಗಳಾಗಿ ಶುರುವಾದ ಫ್ರೆಂಡ್ಸ್ ಮಿಷನರಿ ಪ್ರೇಯರ್ ಬ್ಯಾಂಡ್ ಆ ಮಾದರಿಗೆ ನಮ್ಮ ಕಡೆಯ ಉದಾಹರಣೆ. ಸಾಮಾನ್ಯ ಸಭಿಕರ ಸಣ್ಣ ಸಣ್ಣ ಕಾಣಿಕೆಯ ಮೇಲೆ ಉತ್ತರ ಭಾರತದಲ್ಲಿ ಅದು ಕೆಲಸ ನಡೆಸಿಕೊಂಡು ಬಂದಿದೆ.

ಎಣಿಕೆಯವರು

ಮಧ್ಯಪ್ರದೇಶದ ದಮೋಹ್‌ನಲ್ಲಿ 1897ರಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗಾವ್ರನ್ ಮಿಷನರಿ ಮನೆತನದವರು. ಇಷ್ಟೊಂದು ಆಸ್ಪತ್ರೆ, ಶಾಲೆ, ಹಣ ಇದ್ದೂ ಸಭೆಗಳು ಏಕೆ ಬೆಳೆಯುತ್ತಿಲ್ಲ, ಬೆಳೆದ ಕಡೆ ಏಕೆ ಬೆಳೆದವು ಎಂದು ಅವರು ಕೇಳಿದರು. ವ್ಯಾಸ್ಕಂ ಪಿಕೆಟ್ 1933ರಲ್ಲಿ ಭಾರತದ ಸಮೂಹ ಚಳವಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಅವರ ಕಣ್ಣು ತೆರೆಸಿತ್ತು. ಜನ ಒಬ್ಬೊಬ್ಬರಾಗಿ ಅಲ್ಲ, ಕುಟುಂಬ, ಕುಲ, ಜಾತಿಗಳ ಸಂಬಂಧದ ಸೇತುವೆಯ ಮೇಲೆ ಬರುತ್ತಾರೆ ಎಂದು 1955ರಲ್ಲಿ ಬರೆದರು. ಮುಂದೆ ಇದೇ, ಒಂದೇ ಬಗೆಯ ಜನ ಇರುವ ಸಭೆ ಬೇಗ ಬೆಳೆಯುತ್ತದೆ ಎಂಬ ಸೂತ್ರವಾಯಿತು.

ಅಮೆರಿಕದ ಉಪನಗರಗಳಲ್ಲಿ ಈ ಸೂತ್ರ ಸಲೀಸಾಗಿ ಓಡಿತು. ಇಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ: ಜಾತಿ. ಕೇರಿಗೊಂದು ಸಭೆ, ಸಭೆಗೊಂದು ಸ್ಮಶಾನ ಎಂಬ ಸ್ಥಿತಿಯನ್ನು ಬೆಳವಣಿಗೆಯ ಲೆಕ್ಕದಲ್ಲಿ ಜಯವೆಂದು ಬರೆಯಬಹುದೇ? ದಲಿತ ಕ್ರೈಸ್ತ ಚಿಂತಕರು ಎರಡೂ ಕಡೆಗೆ ಚಾಟಿ ಬೀಸಿದರು. ಜಾತಿಯನ್ನು ಬಳಸಿಕೊಂಡು ಬೆಳೆದವರಿಗೂ, ಜಾತಿಯೇ ಇಲ್ಲವೆಂದು ನಟಿಸುವ ಪಟ್ಟಣದ ಮೇಲ್ವರ್ಗದ ಸಭೆಗಳಿಗೂ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕ ವಿನಾಯಿತಿ ಅವನಿಗೆ ಸಿಗಲಿಲ್ಲ. ದೀಕ್ಷಾಸ್ನಾನಕ್ಕೆ ಅವನು ಕೊಡುವ ಬೆಲೆ ಎಣಿಕೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಸಾರುವುದೋ, ಸೇವೆಯೋ

ಈ ಜಗಳವನ್ನು ಬೇಗ ದಾಟಬಹುದು, ಏಕೆಂದರೆ ಪುಸ್ತಕಗಳಲ್ಲಿ ಇರುವಷ್ಟು ಊರುಗಳಲ್ಲಿ ಅದು ಇಲ್ಲ. 1974ರ ಲೌಸಾನ್ ವಿಶ್ವ ಸುವಾರ್ತಾ ಸಮ್ಮೇಳನದಲ್ಲಿ ಲ್ಯಾಟಿನ್ ಅಮೆರಿಕದ ರೆನೆ ಪಡಿಲ್ಯಾ, ಸಾಮುವೆಲ್ ಎಸ್ಕೊಬಾರ್ ಅವರ ಒತ್ತಾಯದಿಂದ, ಸಾರುವುದೇ ಮುಖ್ಯವೆನ್ನುವ ಇವಾಂಜೆಲಿಕಲರೂ ಸಾಮಾಜಿಕ ಹೊಣೆಯನ್ನು ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಪಿ. ಡಿ. ದೇವಾನಂದನ್, ಎಂ. ಎಂ. ಥಾಮಸ್ ಕಟ್ಟಿ ಬೆಳೆಸಿದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆ ಅದಕ್ಕೂ ಬಹಳ ಮೊದಲೇ ರಾಷ್ಟ್ರ ಕಟ್ಟುವ ಕೆಲಸದಲ್ಲಿ ಸಭೆಯ ಪಾಲೇನು ಎಂದು ಕೇಳುತ್ತಿತ್ತು. ಕೆಥೋಲಿಕರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ಮಿಷನ್ ಆಜ್ಞಾಪತ್ರ ಇಡೀ ಸಭೆಯೇ ಸ್ವಭಾವತಃ ಮಿಷನರಿ ಎಂದು ಸಾರಿ, ಸನ್ಯಾಸಿ ಸಂಘಗಳ ಹೆಗಲಿನ ಹೊರೆಯನ್ನು ಪ್ಯಾರಿಷಿನ ಸಾಮಾನ್ಯ ಜನರ ಹೆಗಲಿಗೂ ಹಂಚಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೋ ಬೆಟಗೇರಿಯ ಮಿಷನ್ ಆಸ್ಪತ್ರೆಗೋ ಹೆರಿಗೆಗೆ ಹೋದ ಹೆಣ್ಣುಮಗಳಿಗೆ ಈ ವಾದ ಗೊತ್ತಿರಲಿಲ್ಲ, ಗೊತ್ತಾಗಬೇಕಾದ್ದೂ ಇರಲಿಲ್ಲ.

ನೆರೆಮನೆಯವರು ಏನೆನ್ನುತ್ತಾರೆ

ಗಾಂಧೀಜಿ ಎತ್ತಿದ ಆಕ್ಷೇಪ ನೇರವಾದದ್ದು. ಆಸ್ಪತ್ರೆ, ಶಾಲೆ ನಡೆಸಿ, ಆದರೆ ಮತಾಂತರದ ಉದ್ದೇಶ ಇಟ್ಟುಕೊಂಡು ಬೇಡ ಎಂದು 1931ರಿಂದ ಮತ್ತೆ ಮತ್ತೆ ಹೇಳಿದರು. ಹರಿಜನರು ಅರಿತು ಆರಿಸಿಕೊಳ್ಳಲಾರರು ಎಂಬ ಧಾಟಿ ಅದರಲ್ಲಿತ್ತು. ಅಜರಯ್ಯ ಅದನ್ನು ಒಪ್ಪಲಿಲ್ಲ. ದೋರ್ನಕಲ್ಲಿನ ಕೂಲಿಕಾರರಿಗೆ ತಮ್ಮ ದೇವರನ್ನು ತಾವೇ ಆರಿಸಿಕೊಳ್ಳುವ ಬುದ್ಧಿಯಿದೆ ಎಂಬುದು ಅವರ ನಿಲುವು. ಈ ಒಂದು ವಿಷಯದಲ್ಲಿ ನಾನು ಅಜರಯ್ಯನವರ ಪಕ್ಷ. 1935ರಲ್ಲಿ ಯೇವಲೆಯಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದ ಅಂಬೇಡ್ಕರ್ ಕೇಳಿದ್ದೂ ಆರಿಸಿಕೊಳ್ಳುವ ಅದೇ ಹಕ್ಕನ್ನು.

ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಪ್ರಾಂಶುಪಾಲರಾಗಿದ್ದವರು. 1971ರಲ್ಲಿ ಚರ್ಚುಗಳ ವಿಶ್ವ ಮಂಡಳಿಯಲ್ಲಿ ಅನ್ಯಧರ್ಮಗಳೊಂದಿಗೆ ಸಂವಾದ ನಡೆಸುವ ವಿಭಾಗ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾದರು. ಅವರ ಕಣ್ಣಲ್ಲಿ ನೆರೆಯವನು ಗೆಲ್ಲಬೇಕಾದ ಕ್ಷೇತ್ರವಲ್ಲ. ಅವನಲ್ಲೂ ದೇವರ ಅನುಭವವಿದೆ, ಅದನ್ನು ಕೇಳಿಸಿಕೊಳ್ಳದೆ ಸಾರುವುದು ಅಹಂಕಾರ. ಮಿಷನ್ ಸೆಮಿನರಿಯೊಂದರ ಅಂಗಳದಿಂದಲೇ ಈ ದನಿ ಎದ್ದದ್ದು ಗಮನಾರ್ಹ. ಹಾಗಾದರೆ ಕ್ರಿಸ್ತನಲ್ಲಿ ಹೊಸದೇನು ಉಳಿಯಿತು ಎಂದು ನ್ಯೂಬಿಗಿನ್ ಪಾಳೆಯದವರು ತಿರುಗಿ ಕೇಳಿದರು.

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ಮತಾಂತರದ ಆರೋಪ, ಒಂದು ಹೊಸ ಗುಂಪಿನ ಪುಸ್ತಕ ದಾಳಿಗೆ ಕೊಟ್ಟ ನೆಪ. ಪೆಟ್ಟು ಬಿದ್ದ ಜಾಗಗಳಲ್ಲಿ ಒಂದು ಹಂಪನಕಟ್ಟೆಯ ಬಳಿಯ ಆರಾಧನಾ ಮಠ. ಹೊರಗೆ ಬಂದು ಸಾರುವುದಿರಲಿ, ಮಠದ ಗೋಡೆ ದಾಟುವುದೇ ಅಪರೂಪವಾದ ಕ್ಲಾರಿಸ್ಟ್ ಸನ್ಯಾಸಿನಿಯರ ಮನೆ ಅದು. ದಾಳಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಒಂದು ಸತ್ಯ ಅಲ್ಲಿ ಕಣ್ಣಿಗೆ ಹೊಡೆಯಿತು: ದೂರದಿಂದ ಬಂದು ಕರಪತ್ರ ಹಂಚಿ ಹೋಗುವವರು ಹೋಗುತ್ತಾರೆ, ಊರಿನ ಸಭೆ ಅಲ್ಲೇ ಇರುತ್ತದೆ. ಸುವಾರ್ತೆಯ ಕೆಲಸ ಊರಿನ ಸಭೆಯ ಕೈಯಲ್ಲೇ ಇರಬೇಕು ಎನ್ನುವುದಕ್ಕೆ ನನಗೆ ಕಾಣುವ ಬಲವಾದ ಕಾರಣ ಇದು. ಅದೇ ಅಂಗಡಿಯಲ್ಲಿ ಸಾಮಾನು ತರುವವರು, ಅದೇ ಶಾಲೆಗೆ ಮಕ್ಕಳನ್ನು ಕಳಿಸುವವರು, ಪಕ್ಕದ ಮನೆಯ ಸಾವಿಗೆ ಮೊದಲು ಓಡುವವರು ಸಾರಿದರೆ ಮಾತಿನ ತೂಕವೂ ಬೇರೆ, ಅದಕ್ಕೆ ಉತ್ತರ ಹೇಳಬೇಕಾದ ಭಯವೂ ಬೇರೆ.

ಕಾನೂನು ಮತ್ತು ಹಣ

ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನು ನಿಲ್ಲಿಸಿತು, ಆಡಳಿತದ ಖರ್ಚನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು.

ಈ ತಿದ್ದುಪಡಿಯ ಹಿಂದಿನ ಸಂಶಯವನ್ನು ಒಪ್ಪದವರೂ ಅದರ ಫಲವೊಂದನ್ನು ಒಪ್ಪಬೇಕು. ವೆನ್, ಆಲನ್ ಹೇಳಿ ಹೇಳಿ ಸೋತದ್ದನ್ನು ದಿಲ್ಲಿಯ ಒಂದು ಕಾಯ್ದೆ ಮಾಡಿಸುತ್ತಿದೆ. ಹೊರಗಿನ ಹಣದ ಮೇಲೆ ನಿಂತ ಕೆಲಸ ಕುಗ್ಗಿದ ಮೇಲೆ ಉಳಿಯುವುದು ಊರಿನವರ ಕಾಣಿಕೆಯ ಮೇಲೆ ನಿಂತದ್ದು ಮಾತ್ರ.

ತೀರ್ಮಾನವಾಗದವು

ಮೊದಲನೆಯದು ಹೊಣೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಇದರೊಳಗೆ ಕೆಥೋಲಿಕರು, ಸಿಎಸ್‌ಐ, ಮೆಥಡಿಸ್ಟರು, ಯಾವ ಸಭಾಪ್ರಾಂತಕ್ಕೂ ಸೇರದ ನೂರಾರು ಸ್ವತಂತ್ರ ಸಭೆಗಳು ಇದ್ದಾರೆ. ಬಾಡಿಗೆ ಮನೆಯ ಮಹಡಿಯಲ್ಲಿ ಕೂಡುವ ಒಂದು ಗುಂಪಿನ ಮಾತಿಗೆ ಪಕ್ಕದ ಬೀದಿಯ ಹಳೆಯ ಸಭೆ ಹೊಣೆಯೇ? ಆ ಗುಂಪಿಗೆ ಬುದ್ಧಿ ಹೇಳುವ ಅಧಿಕಾರ ಯಾರಿಗಿದೆ? ಸಭೆಗಳ ಒಕ್ಕೂಟಗಳು ಇದಕ್ಕೆ ಒಪ್ಪಿತವಾದ ಉತ್ತರ ಕೊಟ್ಟಿಲ್ಲ.

ಎರಡನೆಯದು ದೀಕ್ಷಾಸ್ನಾನ. ಕ್ರಿಸ್ತನನ್ನು ಭಜಿಸುತ್ತ, ಕುಟುಂಬ ಬಿಡದೆ, ಸಭೆಯ ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿದ ಭಕ್ತರು ಭಾರತದಲ್ಲಿ ಬಹಳ ಕಡೆ ಇದ್ದಾರೆ. ಊರಿನ ಸಭೆ ಇವರನ್ನು ತನ್ನವರೆಂದು ನೋಡಬೇಕೋ, ಬಾಗಿಲಲ್ಲಿ ನಿಂತವರೆಂದೋ? ಸಂವಾದದವರೂ ಎಣಿಕೆಯವರೂ ಇಲ್ಲಿ ತಡವರಿಸುತ್ತಾರೆ.

ಮೂರನೆಯದು ಒಳಗಿನ ಜಾತಿ. ತನ್ನ ಪಕ್ಕದ ಬೆಂಚಿನಲ್ಲಿ ಕೂತವನ ಮನೆಗೆ ಮಗಳನ್ನು ಕೊಡದ ಸಭೆ ಹೊರಗೆ ಹೋಗಿ ಸಮಾನತೆಯನ್ನು ಸಾರಲು ಅರ್ಹವೇ, ಅಥವಾ ಹೊರಗೆ ಹೋಗಿ ಹೊಸಬರನ್ನು ಕರೆತಂದರೇ ಒಳಗಿನ ಜಾತಿ ಸಡಿಲವಾದೀತೇ? ಎರಡಕ್ಕೂ ಊರುಗಳಲ್ಲಿ ಉದಾಹರಣೆಗಳಿವೆ.

ನನ್ನ ಮಟ್ಟಿಗೆ ಹೇಳಬಹುದಾದ್ದು ಇಷ್ಟು. ಹೊರಗಿನವರ ಕಡೆ ತಿರುಗದ ಸಭೆ ತನ್ನ ಹೆಸರಿಗೆ ಸಲ್ಲದು, ಮತ್ತು ಆ ಕೆಲಸವನ್ನು ಅಲ್ಲೇ ಬಾಳುವವರು, ತಮ್ಮ ಹಣದಲ್ಲಿ, ನೆರೆಯವರಿಗೆ ತಿಳಿಯುವಂತೆ ಮಾಡಬೇಕು. ಹೀಗೆ ಮಾಡುವ ಸಭೆ ನಿಮ್ಮ ಊರಿನಲ್ಲಿದ್ದರೆ, ನೀವು ಯಾವ ಧರ್ಮದವರೇ ಆಗಿರಿ, ಒಮ್ಮೆ ಹೋಗಿ ಅವರನ್ನೇ ಕೇಳಿ.